ಕಾಶಿಯಲ್ಲಿ ಬಿಟ್ಟದ್ದು

ಯಜಮಾನರಿಗೆ ರೈಲ್ವೆಯಲ್ಲಿ ಬನಾರಸ್ಸಿಗೆ ವರ್ಗವಾಯಿತೆಂದು ಗೊತ್ತಾದ ಕೂಡಲೇ ನಮ್ಮ ಬಂಧುಬಳಗದ ಅರ್ಧ ಜನರಿಗೆ ಇದ್ದಕ್ಕಿದ್ದಂತೆ ದೈವಭಕ್ತಿ ಉಕ್ಕಿತು. ತುಮಕೂರಿನಲ್ಲಿ ಒಂದೇ ಬೀದಿಯಲ್ಲಿದ್ದಾಗ ಹಬ್ಬಕ್ಕೂ ಇತ್ತ ತಲೆ ಹಾಕದವರು ಫೋನು ಮಾಡಿ, "ಕಾಶಿ ನೋಡ್ಬೇಕು ಅಂತ ಬಹಳ ದಿನದಿಂದ ಆಸೆ ಇತ್ತಮ್ಮ, ಈಗ ಹೆಂಗೂ ನೀವೇ ಅಲ್ಲಿದ್ದೀರಲ್ಲ" ಎನ್ನತೊಡಗಿದರು. ಕ್ವಾರ್ಟರ್ಸ್ ಸಿಗುವವರೆಗೆ ಇರಲಿ ಎಂದು ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆವು. ಸುತ್ತ ದಕ್ಷಿಣದ ಪುರೋಹಿತರ ಮನೆಗಳು, ಯಾತ್ರಿಕರು ಇಳಿದುಕೊಳ್ಳುವ ಛತ್ರಗಳು. ನನಗೆ ಹಿಂದಿ ಬರುವುದು ಅಷ್ಟಕ್ಕಷ್ಟೆ; ಇಲ್ಲಿಯಾದರೆ ಮೊಸರು ಹುಳಿಯಾಯಿತೆಂದು ಜಗಳವಾಡಲಿಕ್ಕಾದರೂ ಅರ್ಧ ಕನ್ನಡ, ಅರ್ಧ ತೆಲುಗು ಬಲ್ಲ ಅಂಗಡಿಯವನಿದ್ದಾನೆ. ಹಾಗಾಗಿ ಕ್ವಾರ್ಟರ್ಸ್ ಸಿಕ್ಕಿದ ಮೇಲೂ ನಾವು ಅಲ್ಲಿಂದ ಏಳಲಿಲ್ಲ. ನಮ್ಮ ಮನೆಯೇ ಇನ್ನೊಂದು ಛತ್ರವಾಯಿತು.

ಬಂದವರೆಲ್ಲ ಗಂಗೆಯಲ್ಲಿ ಮುಳುಗಿ, ದರ್ಶನ ಮುಗಿಸಿ, ಕೊನೆಗೆ ಏನಾದರೊಂದನ್ನು ಬಿಟ್ಟು ಹೋಗುತ್ತಿದ್ದರು. ಕಾಶಿಗೆ ಬಂದವರು ತಮಗೆ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಬಿಡಬೇಕೆಂಬುದು ನಮ್ಮ ಕಡೆಯ ಪದ್ಧತಿಯಲ್ಲವೆ. ನೀರಿನಲ್ಲಿ ನಿಂತು ಬಿಟ್ಟೆ ಎಂದರೆ ಮುಗಿಯಿತು, ಬದುಕಿರುವವರೆಗೆ ಅದನ್ನು ಮುಟ್ಟುವಂತಿಲ್ಲ. ಈ ಬಿಡುವುದರಲ್ಲಿ ನಮ್ಮವರು ತೋರಿಸುವ ಜಾಣತನ ಕಂಡು ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದೇನೆ. ಒಬ್ಬರು ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅವರು ಅದನ್ನು ಬಾಯಿಗಿಟ್ಟವರೇ ಅಲ್ಲ. ಇನ್ನೊಬ್ಬರು ಇಲ್ಲಿ ಸಿಗುವ ಪರ್ವಲ್ ಕಾಯಿಯ ಪಲ್ಯವನ್ನು ಹಿಂದಿನ ದಿನವಷ್ಟೇ ನಮ್ಮ ಮನೆಯಲ್ಲಿ ಜೀವಮಾನದಲ್ಲಿ ಮೊದಲ ಸಲ ತಿಂದು, ಬೆಳಿಗ್ಗೆ ಹೋಗಿ ಅದನ್ನೇ ಗಂಗೆಗೆ ಬಿಟ್ಟು ಬಂದರು. ಯಜಮಾನರ ಗೆಳೆಯರೊಬ್ಬರು ಕಾಫಿ ಬಿಟ್ಟೆನೆಂದು ಊರಿಗೆಲ್ಲ ಫೋನಿನಲ್ಲಿ ಸಾರಿ, ಸ್ಟೇಷನ್ನಿಗೆ ಹೊರಡುವ ಮುಂಚೆ ಅಡುಗೆಮನೆ ಬಾಗಿಲಿಗೆ ಬಂದು, "ಹಾಲು ಸ್ವಲ್ಪ ಜಾಸ್ತಿ ಹಾಕಿಬಿಡಿ, ಆಗ ಅದು ಕಾಫಿ ಅನ್ನಿಸಿಕೊಳ್ಳಲ್ಲ" ಎಂದರು. ನಾನು ಹಾಲನ್ನೇ ಕೊಟ್ಟು ಕಳಿಸಿದೆ.

ಇದನ್ನೆಲ್ಲ ನೋಡುತ್ತ ಬೆಳೆಯುತ್ತಿದ್ದವಳು ನಮ್ಮ ಮಗಳು. ಆಗ ನಾಲ್ಕು ವರ್ಷ. ಒಬ್ಬಳೇ ಮಗಳು, ಆದರೆ ಅವಳ ಲೆಕ್ಕದಲ್ಲಿ ಒಬ್ಬಳಲ್ಲ. ಅವಳಿಗೊಬ್ಬ ಅಕ್ಕ ಇದ್ದಳು. ಆ ಅಕ್ಕ ನಮ್ಮ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ತುಮಕೂರಿನಿಂದ ನಮ್ಮ ಜೊತೆಯಲ್ಲೇ ರೈಲಿನಲ್ಲಿ ಬಂದವಳಂತೆ, ಮೇಲಿನ ಬರ್ತಿನಲ್ಲಿ ಮಲಗಿದ್ದಳಂತೆ. ಮೊದಮೊದಲು ನನಗೆ ಜೀವ ಝಲ್ಲೆಂದಿತ್ತು. ಪಕ್ಕದಲ್ಲೇ ಹೆಣ ಸುಡುವ ಹರಿಶ್ಚಂದ್ರ ಘಾಟು, ಗಾಳಿ ತಿರುಗಿದರೆ ಒಣಹಾಕಿದ ಬಟ್ಟೆಗೆಲ್ಲ ಅಲ್ಲಿಯ ಹೊಗೆ. ಅಂಥ ಜಾಗದಲ್ಲಿ ಮಗು ಗಾಳಿಯೊಂದಿಗೆ ಮಾತಾಡಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಆದರೆ ಕೆಲವು ದಿನ ಕಿವಿಗೊಟ್ಟು ಕೇಳಿದ ಮೇಲೆ ಹೆದರಿಕೆ ಹೋಯಿತು. ಈ ಅಕ್ಕನಿಗೆ ಉಪ್ಪಿಟ್ಟು ಸೇರುತ್ತಿರಲಿಲ್ಲ. ಸ್ನಾನಕ್ಕೆ ಕರೆದರೆ ಅಡಗಿಕೊಳ್ಳುತ್ತಿದ್ದಳು. ತಲೆ ಬಾಚುವಾಗ ನನ್ನ ಮಗಳಿಗಿಂತ ಮುಂಚೆ ಅವಳೇ ಅಳುತ್ತಿದ್ದಳು. ದೆವ್ವ ಪಿಶಾಚಿಗಳಿಗೆ ಇಷ್ಟೆಲ್ಲ ನಖರಾ ಇರುವುದಿಲ್ಲ.

ಮುಂದಿನ ಕೋಣೆಯಲ್ಲಿ ಇಲ್ಲಿಯವರು ಚೌಕಿ ಎನ್ನುವ ಅಗಲವಾದ ಮರದ ಮಂಚವಿತ್ತು. ಅದು ಅವರಿಬ್ಬರ ದೋಣಿ. ನನ್ನ ಅನ್ನದ ಕೈ ಹುಟ್ಟು ಆಗುತ್ತಿತ್ತು. ಬಟ್ಟೆಗೆ ಹಾಕುವ ಕ್ಲಿಪ್ಪುಗಳೆಲ್ಲ ಯಾತ್ರಿಕರು. "ಅಕ್ಕ, ಆ ಕಡೆ ಕೂತ್ಕೋ, ದೋಣಿ ವಾಲುತ್ತೆ. ಅಜ್ಜೀ, ಕೈ ಒಳಗಿಟ್ಕೊಳ್ಳಿ, ಮೀನು ಕಚ್ಚುತ್ತೆ." ಹೀಗೆ ಮಧ್ಯಾಹ್ನವೆಲ್ಲ ಕನ್ನಡ ಹರಿಯುತ್ತಿತ್ತು. ನನಗೆ ಅದೇ ದೊಡ್ಡ ಸಮಾಧಾನ. ಏಕೆಂದರೆ ಪ್ಲೇಸ್ಕೂಲಿನಲ್ಲಿ ಹಿಂದಿ, ಗಲ್ಲಿಯಲ್ಲಿ ಹಿಂದಿ, ಟೋಟೋ ರಿಕ್ಷಾ ಹತ್ತಿದರೆ ಹಿಂದಿ. ಇತ್ತೀಚೆಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು ಶುರುವಾಗಿತ್ತು. ಅಕ್ಕನ ಹತ್ತಿರ ಮಾತ್ರ ಅಪ್ಪಟ ತುಮಕೂರು. ಕಣ್ಣಿಗೆ ಕಾಣದ ಆ ಹುಡುಗಿಗೆ ನಾನು ಮನಸ್ಸಿನಲ್ಲೇ ಒಳ್ಳೆಯದನ್ನು ಹಾರೈಸಿ, ಒಂದು ಚಿಕ್ಕ ತಟ್ಟೆಯನ್ನೂ ಕೊಟ್ಟಿದ್ದೆ.

ಆ ಚಳಿಗಾಲದಲ್ಲಿ ಯಜಮಾನರ ಸೋದರತ್ತೆ ಬಂದರು. ಬಂದ ನೆಂಟರಲ್ಲೆಲ್ಲ ನಾನು ಬೇಸರವಿಲ್ಲದೆ ಕಾಫಿ ಕೊಟ್ಟದ್ದು ಇವರೊಬ್ಬರಿಗೇ. ಮಕ್ಕಳಿಲ್ಲದ ಹೆಂಗಸು, ಆದರೆ ಮಕ್ಕಳ ಜೊತೆ ಹೇಗಿರಬೇಕೆಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಬಂದ ದಿನವೇ ಮಗಳು, "ಅಜ್ಜಿ, ನೀವು ನಮ್ಮಕ್ಕನ ಮೇಲೆ ಕೂತಿದ್ದೀರಿ" ಎಂದಾಗ ಅವರು ಗಾಬರಿಯಿಂದ ಎದ್ದು, ಖಾಲಿ ಜಾಗಕ್ಕೆ, "ತಪ್ಪಾಯ್ತು ಕಣೇ ತಾಯಿ, ನೋವಾಯ್ತಾ?" ಎಂದು ಕೇಳಿ, ಸೆರಗಿನಿಂದ ಗಾಳಿ ಹಾಕಿದರು. ಅಲ್ಲಿಂದ ಮುಂದೆ ಮಗಳು ಅವರ ಬಾಲವಾದಳು. ಮೊಮ್ಮಗಳು ಹುಟ್ಟು ಹಾಕುವುದು, ಅಜ್ಜಿ ಚೌಕಿಯ ಮೇಲೆ ಕಾಲು ಮಡಚಿ ಕೂತು ಇಲ್ಲಿಯ ಗೋದೌಲಿಯಾ ಚೌಕದಿಂದ ರಾಮೇಶ್ವರದವರೆಗೆ ದೋಣಿಯಲ್ಲೇ ಯಾತ್ರೆ ಮಾಡುವುದು. ದೋಸೆ ಹಾಕಿದರೆ ಅತ್ತೆ ತಾವೇ ಒಂದನ್ನು ಅಕ್ಕನಿಗೆ ಎತ್ತಿಡುತ್ತಿದ್ದರು. ಯಜಮಾನರು ಆಫೀಸಿನಿಂದ ಬಂದವರು ಅದನ್ನು ತಿಂದರೆ ಅಜ್ಜಿ ಮೊಮ್ಮಗಳು ಸೇರಿ ಅವರನ್ನು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆಯ ಕೊನೆಯ ಗಂಗಾಸ್ನಾನಕ್ಕೆ ನಾವು ಮೂವರೂ ಘಾಟಿಗೆ ಹೋದೆವು. ಅತ್ತೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಸೀಬೆಹಣ್ಣು ಬಿಟ್ಟರು. ಸೀಬೆಹಣ್ಣೆಂದರೆ ಅವರಿಗೆ ಪ್ರಾಣ. ಹಣ್ಣಿನ ಗಾಡಿ ಕಂಡರೆ ನಡೆಯುವುದನ್ನೇ ನಿಲ್ಲಿಸುವವರು. ಮೇಲೆ ಬಂದು ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದಾಗ ಮಗಳು ಕೇಳಿದಳು:

"ಅಜ್ಜಿ, ನಿಮಗೆ ಸೀಬೆಹಣ್ಣು ಇಷ್ಟ ಅಲ್ವಾ? ಯಾಕೆ ಬಿಟ್ರಿ?"

"ಇಷ್ಟ ಇರೋದನ್ನೇ ಬಿಡ್ಬೇಕು ಮರಿ. ಇಷ್ಟ ಇಲ್ಲದ್ದನ್ನ ಬಿಟ್ರೆ ಗಂಗಮ್ಮ ಒಪ್ಪಲ್ಲ."

"ಎಲ್ಲಾರೂ ಬಿಡ್ಬೇಕಾ?"

"ಕಾಶಿಗೆ ಬಂದವರೆಲ್ಲ ಬಿಡ್ಬೇಕಪ್ಪ. ನೀನೇನು ಬಿಡ್ತೀಯೋ ಹೇಳು."

ಅತ್ತೆ ತಮಾಷೆಗೆ ಕೇಳಿದ್ದು. ನಾನು ಅಲ್ಲೇ ಅವರ ಸೀರೆ ಹಿಂಡುತ್ತ ನಿಂತಿದ್ದೆ. ಮಗಳು ಸ್ವಲ್ಪ ಹೊತ್ತು ಮೆಟ್ಟಿಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದು, ಎದ್ದು ಬಂದು, "ಬಿಟ್ಟೆ" ಎಂದಳು. "ಜಾಣೆ" ಎಂದು ಅತ್ತೆ ಅವಳ ಕೆನ್ನೆ ಹಿಂಡಿದರು. ಏನು ಬಿಟ್ಟೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಚಾಕಲೇಟೋ ಬಿಸ್ಕತ್ತೋ ಇರಬೇಕೆಂದುಕೊಂಡೆ. ಮನೆಗೆ ಹೋಗಿ ಚಿತ್ರಾನ್ನ ಮಾಡುವ ಗಡಿಬಿಡಿಯಲ್ಲಿ ಅದೂ ಮರೆತುಹೋಯಿತು.

ಅತ್ತೆ ರೈಲು ಹತ್ತಿ ಹೋದ ಮೇಲೆ ಮನೆ ತಣ್ಣಗಾಯಿತು. ಮಗಳು ಸಪ್ಪಗಿದ್ದಳು. ಅಜ್ಜಿ ಹೋದದ್ದಕ್ಕೆ ಎಂದುಕೊಂಡೆವು. ಆದರೆ ದಿನಗಳು ಕಳೆದರೂ ಆ ಸಪ್ಪೆ ಇಳಿಯಲಿಲ್ಲ. ಚೌಕಿಯ ಮೇಲೆ ಕಾಲು ಚಾಚಿ ಕೂತು ಗೋಡೆ ನೋಡುವಳು. ಕ್ಲಿಪ್ಪುಗಳು ಡಬ್ಬಿಯಲ್ಲೇ ಉಳಿದವು. ಅನ್ನದ ಕೈ ಅಡುಗೆಮನೆಯಲ್ಲೇ ನೇತಾಡುತ್ತಿತ್ತು. ಮೊದಲೆಲ್ಲ ಅದಕ್ಕಾಗಿ ಮನೆಯೆಲ್ಲ ಹುಡುಕಿ ಬೈಯುತ್ತಿದ್ದ ನಾನು ಈಗ ಅದು ಕಾಣೆಯಾಗಲಿ ಎಂದು ಬಯಸತೊಡಗಿದೆ. ಊಟ ಬೇಕಾ ಎಂದರೆ ತಲೆಯಾಡಿಸುವಳು. ಮಾತೇ ಇಲ್ಲ, ಕನ್ನಡದಲ್ಲೂ ಇಲ್ಲ, ಹಿಂದಿಯಲ್ಲೂ ಇಲ್ಲ. ಘಾಟಿನ ಕಡೆ ಕರೆದರೆ ನನ್ನ ಸೀರೆ ಹಿಡಿದು ಹಿಂದಕ್ಕೆಳೆಯುವಳು. ಅಕ್ಕನ ತಟ್ಟೆ ಇಟ್ಟ ದಿನ ಅದನ್ನು ಎತ್ತಿಕೊಂಡು ಹೋಗಿ ತೊಳೆಯುವ ಪಾತ್ರೆಗಳ ಜೊತೆ ಹಾಕಿ ಬಂದಳು.

"ಅಕ್ಕ ಎಲ್ಲಿ ಕಂದ?" ಎಂದು ಕೇಳಿದೆ. ಅವಳು ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನೇ ನೋಡಿದಳು.

ಪ್ಲೇಸ್ಕೂಲಿನ ಮೇಡಂ ನನ್ನನ್ನು ಕರೆಸಿ, ಮಗು ಮೂಲೆಯಲ್ಲಿ ಕೂತಿರುತ್ತದೆ, ಯಾವ ಆಟಕ್ಕೂ ಏಳುವುದಿಲ್ಲ ಎಂದರು. ಯಜಮಾನರು, "ದೊಡ್ಡವಳಾಗ್ತಿದ್ದಾಳೆ, ಆ ಅಕ್ಕನ ಹುಚ್ಚು ಬಿಟ್ಟುಹೋಗಿದೆ, ಒಳ್ಳೇದೇ ಆಯ್ತಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. "ಹುಚ್ಚು ಬಿಟ್ಟ ಮಗು ಹಿಂಗಿರುತ್ತೇನ್ರೀ? ಮಾತು ಬಿಟ್ಟು ವಾರಗಳಾದ್ವು, ಕಣ್ಣು ಕಾಣಲ್ವಾ ನಿಮಗೆ?" ಎಂದು ರೇಗಿದೆ. ಅವರ ಮುಖ ಸಣ್ಣದಾಯಿತು. ಮಾರನೆಯ ದಿನ ಅವರೇ ರಜೆ ಹಾಕಿ ನಮ್ಮನ್ನು ಸೋನಾರ್‌ಪುರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮ ವಯಸ್ಸಾದ ಬಂಗಾಳಿ ಹೆಂಗಸು. ಕಿವಿ, ಗಂಟಲು, ಕಣ್ಣು ಎಲ್ಲ ನೋಡಿ ಮುಗಿಸಿ, ಮೇಜಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕಪ್ಪು ತೆಗೆದು, ಅದಕ್ಕೆ ಗಾಳಿಯಿಂದಲೇ ಏನೋ ಬಗ್ಗಿಸುವಂತೆ ಮಾಡಿ ಮಗಳ ಕೈಗೆ ಕೊಟ್ಟರು. "ಚಾಯ್ ಪಿಯೋಗೀ?" ಎಂದರು. ಟೀ ಕುಡಿಯುತ್ತೀಯಾ ಎಂದು. ಮಗಳು ಕಪ್ಪನ್ನು ತಿರುಗಿಸಿ ಒಳಗೆ ನೋಡಿದಳು. ಬಹಳ ದಿನಗಳ ಮೇಲೆ ಅವಳ ಬಾಯಿಂದ ಬಂದ ಮಾತು ಅದು:

"ಖಾಲೀ ಹೈ."

ಖಾಲಿ ತಟ್ಟೆಯಿಂದ ಹೋಳಿಗೆ ತುಪ್ಪ ಉಂಡವಳು, ಖಾಲಿ ಕೈಯಿಂದ ನನಗೆ ಮಲ್ಲಿಗೆ ಮುಡಿಸಿದವಳು, ಮಂಚದ ಮೇಲೆ ಗಂಗೆ ಹರಿಸಿದವಳು ಈ ಮಗು. ಅದು ಖಾಲಿ ಎಂದು ಅವಳಿಗೆ ಯಾವತ್ತು ಗೊತ್ತಾಯಿತು?

ಡಾಕ್ಟರಮ್ಮನ ನಗು ಮಾಯವಾಯಿತು. ಮಗಳನ್ನು ನರ್ಸಿನ ಜೊತೆ ಹೊರಗೆ ಕಳಿಸಿ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ಮಾತು ನಿಂತದ್ದಕ್ಕಿಂತ ಆಟ ನಿಂತದ್ದು ನನಗೆ ಹೆಚ್ಚು ಯೋಚನೆಯಾಗಿದೆ. ಈ ವಯಸ್ಸಿನ ಮಕ್ಕಳು ಹೆದರಿಕೆ, ದುಃಖ, ಆಸೆ ಎಲ್ಲವನ್ನೂ ಇಲ್ಲದ್ದನ್ನು ಇದೆ ಎಂದು ಆಡಿ ಆಡಿಯೇ ಅರಗಿಸಿಕೊಳ್ಳುತ್ತವೆ. ಮಾತು ಬೆಳೆಯುವುದೂ ಅಲ್ಲೇ, ಬುದ್ಧಿ ಬೆಳೆಯುವುದೂ ಅಲ್ಲೇ. ಏನಾಯಿತೆಂದು ಕೇಳಿ ಕೇಳಿ ಹಿಂಸೆ ಮಾಡಬೇಡಿ. ನೆಲದ ಮೇಲೆ ಕೂತು ನೀವು ಆಡಿ. ಕಲಿಸಲಿಕ್ಕೆ ಹೋಗಬೇಡಿ, ಅವಳನ್ನು ದೊಡ್ಡವಳನ್ನಾಗಿ ಮಾಡಿ ನೀವು ದಡ್ಡಿಯಾಗಿ. ಆಟದಲ್ಲಿ ಅವಳೇ ಹೇಳುತ್ತಾಳೆ. ಇದಿಷ್ಟು ಅವರ ಔಷಧಿ.

ಹೇಳಿದಷ್ಟು ಸುಲಭವೇ? ನನಗೆ ಬೈಯಲು ಬರುತ್ತದೆ, ಬಡಿಸಲು ಬರುತ್ತದೆ, ಆಡಲು ಬರುವುದಿಲ್ಲ. ಆದರೂ ಆ ಮಧ್ಯಾಹ್ನವೇ ಸೆರಗು ಸಿಕ್ಕಿಸಿ, ಅನ್ನದ ಕೈ ಹಿಡಿದು ಚೌಕಿ ಹತ್ತಿದೆ. "ಬನ್ನಿ, ಬನ್ನಿ, ದೋಣಿ ಹೊರಡ್ತಾ ಇದೆ" ಎಂದು ಬೆಪ್ಪುತಕ್ಕಡಿಯಂತೆ ಗಾಳಿಯಲ್ಲಿ ಹುಟ್ಟು ಹಾಕಿದೆ. ಎದುರು ಮನೆಯ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು ಕೆಲಸ ಬಿಟ್ಟು ನಮ್ಮ ಕಿಟಕಿಯ ಮೂಲಕ ನನ್ನನ್ನೇ ನೋಡುತ್ತಿದ್ದಳು. ಮಗಳೂ ನೋಡುತ್ತಿದ್ದಳು. ಕೊನೆಗೆ ಹತ್ತಿರ ಬಂದು, ತಲೆ ಕೆಟ್ಟವರನ್ನು ಸಮಾಧಾನ ಮಾಡುವ ದನಿಯಲ್ಲಿ, "ಅಮ್ಮ, ಅದು ಮಂಚ" ಎಂದಳು. ನಾನು ಅನ್ನದ ಕೈ ಹಿಡಿದುಕೊಂಡೇ ಅತ್ತುಬಿಟ್ಟೆ.

ಮಾರನೆಯ ದಿನ ಅಂಗಡಿಯಾಟ ಹೂಡಿದೆ, ಅವಳು ಬರಲಿಲ್ಲ. ಅದರ ಮಾರನೆಯ ದಿನ ಕರಡಿಯಾಗಿ ನಾಲ್ಕು ಕಾಲಿನಲ್ಲಿ ನಡೆದೆ, ಮಂಡಿ ನೋವು ಬಂತು. ಆಮೇಲೊಂದು ಮಧ್ಯಾಹ್ನ, ಇನ್ನೇನು ಮಾಡಲೂ ತೋಚದೆ, ಯಜಮಾನರ ಹಳೇ ಏರ್‌ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಗೆ ಹೋಗಿ ಬಾಗಿಲು ತಟ್ಟಿದೆ. ಊರಿನಿಂದ ಬರುವ ನೆಂಟಳಾದೆ. ಇದಕ್ಕೆ ಮಾತ್ರ ನಾನು ಏನೂ ಕಷ್ಟಪಡಬೇಕಾಗಿರಲಿಲ್ಲ. ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ತಾನಾಗಿ ಹೊರಗೆ ಬಂತು.

"ಅಯ್ಯೋ, ಏನು ರೈಲಮ್ಮ ಅದು, ಸೊಂಟ ಬಿದ್ದುಹೋಯ್ತು. ಏನು ಗಲ್ಲಿ, ಏನು ಗಲೀಜು. ಹಸು ಗುದ್ದೋಕೆ ಬಂತು ಕಣ್ರೀ. ಬಿಸಿನೀರು ಕಾದಿದ್ಯಾ? ಕಾಫಿ ಪುಡಿ ನಮ್ಮೂರಿಂದೇ ತಾನೆ? ನನಗೆ ಈರುಳ್ಳಿ ಆಗಲ್ಲ, ನಮ್ಮನೆಯವರಿಗೆ ಈರುಳ್ಳಿ ಇಲ್ದೇ ಆಗಲ್ಲ, ಹೆಂಗೋ ನೋಡಿ ಮಾಡಿಬಿಡಿ."

ಮಗಳ ತುಟಿಯ ಕೊನೆ ಸ್ವಲ್ಪ ಅಲುಗಿತು. ನಾನು ಬ್ಯಾಗನ್ನು ಧೊಪ್ಪನೆ ಹಾಕಿ ಚೌಕಿಯ ಮೇಲೆ ಉರುಳಿ, ಯಜಮಾನರ ಗೆಳೆಯರ ಹಾಗೆ ಗೊರಕೆ ಹೊಡೆದೆ. ಅವಳು ಎದ್ದಳು. ನನ್ನ ವೇಲನ್ನು ಹೆಗಲಿಗೆ ಸೆರಗಿನಂತೆ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ನನ್ನದೇ ದನಿಯಲ್ಲಿ, "ಬನ್ನಿ ಬನ್ನಿ, ಕಾಲು ತೊಳ್ಕೊಳ್ಳಿ, ನಿಮ್ಮನೇ ಅಂದ್ಕೊಳ್ಳಿ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ, ಹಲ್ಲು ಕಚ್ಚಿ, "ಇವ್ರಿಗೆ ಬೇರೆ ಊರೇ ಸಿಗಲಿಲ್ವಾ" ಎಂದು ಗೊಣಗಿದಳು.

ಅಡುಗೆಮನೆಯಲ್ಲಿ ನಾನು ಯಾರಿಗೂ ಕೇಳಿಸುವುದಿಲ್ಲವೆಂದುಕೊಂಡು ಆಡುವ ಮಾತು ಅದು. ನಾಚಿಕೆಯಾಗಬೇಕಿತ್ತು, ಆದರೆ ಕುಣಿಯುವಷ್ಟು ಸಂತೋಷವಾಯಿತು. ಆಡುತ್ತಿದ್ದಾಳೆ, ಅದೂ ಕನ್ನಡದಲ್ಲಿ. ಇಲ್ಲದ ಲೋಟದಲ್ಲಿ ಇಲ್ಲದ ಕಾಫಿ ತಂದುಕೊಟ್ಟಳು. ನಾನು ಊದಿಕೊಂಡು ಕುಡಿದೆ. ಇನ್ನಷ್ಟು ಸಕ್ಕರೆ ಕೇಳಿದೆ, "ಸಾಕು, ಶುಗರ್ ಬರುತ್ತೆ" ಎಂದು ಗದರಿದಳು. ಸ್ನಾನಕ್ಕೆ ಕಳಿಸಿದಳು, ದರ್ಶನಕ್ಕೆ ಕಳಿಸಿದಳು, ಕ್ಯೂ ಉದ್ದವಿತ್ತೇ ಎಂದು ವಿಚಾರಿಸಿದಳು. ಕೊನೆಗೆ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲ ನೆಂಟರನ್ನೂ ನಾನು ಕೇಳುವ ಹಾಗೆಯೇ ಕೇಳಿದಳು.

"ಏನ್ ಬಿಟ್ರಿ?"

"ಹಾಗಲಕಾಯಿ ಬಿಟ್ಟೆ ಕಣಮ್ಮ."

"ನಿಮಗೆ ಹಾಗಲಕಾಯಿ ಇಷ್ಟಾನಾ?"

"ಅಯ್ಯೋ, ಇಷ್ಟ ಎಲ್ಲಿಂದ ಬಂತು, ಕಹಿ ಅದು."

"ಹಂಗಾದ್ರೆ ಅದು ಬಿಟ್ಟಂಗಲ್ಲ. ಗಂಗಮ್ಮ ಒಪ್ಪಲ್ಲ."

ನಾನು ಆಟದ ಗುಂಗಿನಲ್ಲೇ ಕೇಳಿದೆ: "ಹೌದಾ? ಮತ್ತೆ ನೀವೇನು ಬಿಟ್ರಿ ಮನೆಯವರೇ?"

"ಅಕ್ಕನ್ನ."

ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಯ ಒದ್ದೆ ಸೀರೆ, ಕುಕ್ಕರುಗಾಲಿನಲ್ಲಿ ಕೂತ ಮಗು, ಬಿಟ್ಟೆ ಎಂದದ್ದು, ನಾವು ಜಾಣೆ ಎಂದದ್ದು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನಾನು ಏನಾದರೂ ಕೂಗಿಬಿಟ್ಟರೆ ಈ ಆಟ ಒಡೆದುಹೋಗುತ್ತದೆ ಎಂಬಷ್ಟು ಬುದ್ಧಿ ಮಾತ್ರ ಹೇಗೋ ಉಳಿದಿತ್ತು. ನೆಂಟಳ ದನಿಯಲ್ಲೇ ಕೇಳಿದೆ: "ಅಕ್ಕನ್ನ ಎಲ್ಲಿ ಬಿಟ್ರಿ?"

"ಘಾಟಲ್ಲಿ. ಮೆಟ್ಟಿಲ ಮೇಲೆ ಕೂರಿಸಿ ಬಂದೆ. ನೀರಿಗೆ ಹಾಕಲಿಲ್ಲ, ಅವಳಿಗೆ ಈಜು ಬರಲ್ಲ."

"ಅವಳೇನಂದ್ಲು?"

"ಅತ್ಲು. ನಾನೂ ಬರ್ತೀನಿ ಅಂದ್ಲು. ನಾನು ತಿರುಗಿ ನೋಡಲಿಲ್ಲ." ಅಷ್ಟು ಹೇಳಿ, ವೇಲನ್ನು ತೆಗೆದು ಮಡಚಲು ನೋಡಿದಳು, ಮಡಚಲು ಬರಲಿಲ್ಲ. ಅವಳನ್ನು ಎಳೆದು ಮಡಿಲಲ್ಲಿ ಹಾಕಿಕೊಂಡೆ. ಮಗು ಬಿಕ್ಕಿ ಬಿಕ್ಕಿ ಅತ್ತಿತು. ನಾವು ದೊಡ್ಡವರು ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡು ಹೋಗುವ ಊರಿನಲ್ಲಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳು ಇವಳೊಬ್ಬಳೇ. ಅದೂ ಯಾರ ಹತ್ತಿರವೂ ಬಾಯಿಬಿಡದೆ, ಇಷ್ಟು ದಿನ.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಬೂಟು ಬಿಚ್ಚುತ್ತಿದ್ದವರು ಒಂದು ಬೂಟು ಕೈಯಲ್ಲೇ ಹಿಡಿದು ಕೂತುಬಿಟ್ಟರು. ಆಮೇಲೆ, "ನಾಳೆ ಹೋಗಿ ಕರ್ಕೊಂಡು ಬರೋಣ" ಎಂದರು, ನಿಜವಾದ ಮಗುವೊಂದು ನಿಜವಾಗಿ ಕಳೆದುಹೋದವರ ಹಾಗೆ. ಆದರೆ ಮಗಳು ಒಪ್ಪಲಿಲ್ಲ. ಬಿಟ್ಟದ್ದನ್ನು ಮತ್ತೆ ಮುಟ್ಟಬಾರದು ಎಂದಳು. ಅದೂ ನಮ್ಮ ಮನೆಯಲ್ಲೇ ಕಲಿತ ಪಾಠ. ಎಷ್ಟು ಪುಸಲಾಯಿಸಿದರೂ ಜಗ್ಗಲಿಲ್ಲ.

ಇನ್ನು ಈ ಗಂಟು ಬಿಡಿಸಬಲ್ಲವರು ಒಬ್ಬರೇ. ಸೋದರತ್ತೆಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದೆ. ಅತ್ತೆ, "ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಹಾಕ" ಎಂದರು. ಮೂಗು ಒರೆಸಿಕೊಂಡದ್ದು ಕೇಳಿಸಿತು. "ಫೋನು ಮಗು ಕೈಗೆ ಕೊಡು" ಎಂದರು. ಸ್ಪೀಕರ್ ಹಾಕಿ ಕೊಟ್ಟೆ.

"ನೋಡು ಮರಿ, ನೀನು ಮಾಡಿದ್ದು ಪದ್ಧತಿ ಅಲ್ಲ. ಕಾಶಿಯಲ್ಲಿ ಹಣ್ಣು ಬಿಡಬೋದು, ಕಾಯಿ ಬಿಡಬೋದು. ಮನುಷ್ಯರನ್ನ ಬಿಡೋ ಹಂಗಿಲ್ಲ. ಯಾರೂ ಬಿಡಲ್ಲ. ಅದನ್ನ ಹೇಳೋದು ನಾನು ಮರೆತೆ."

"ಗಂಗಮ್ಮ ಬೈಯಲ್ವಾ?"

"ಇಷ್ಟು ಹೊತ್ತಿಗೆ ಗಂಗಮ್ಮಂಗೂ ಸಾಕಾಗಿರುತ್ತೆ, ಯಾರ ಮಗು ಇದು, ತಲೆ ಬಾಚೋಕೆ ಹೋದ್ರೆ ಅಳುತ್ತೆ ಅಂತ. ಬೈದ್ರೆ ನನ್ನ ಹೆಸರು ಹೇಳು, ನಾನು ಮಾತಾಡ್ತೀನಿ."

ಮಗಳು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳ ಅಪ್ಪನೂ ಆಡಿಸಿದರು.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅವಳೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಲ್ಲಿಯುದ್ದಕ್ಕೂ ನನ್ನ ಕೈ ಬಿಡಿಸಿಕೊಂಡು ಮುಂದೆ ಮುಂದೆ ಓಡಿದಳು. ಘಾಟಿನಲ್ಲಿ ಎಂದಿನ ಜನ, ಮುಳುಗುವವರು, ಛತ್ರಿಯ ಕೆಳಗೆ ಸಂಕಲ್ಪ ಹೇಳಿಸುವವರು, ದೋಣಿಯವರ ಕೂಗು. ಅವಳು ಕೆಳಗಿಳಿದು ಒಂದು ಮೆಟ್ಟಿಲಿನ ಮೇಲೆ ಕೂತಳು. ನಾನು ಮೇಲೆಯೇ ನಿಂತೆ. ಅಲ್ಲಿ ಯಾರೂ ಇಲ್ಲ ಎಂದು ಈಗ ಇವಳಿಗೂ ಅನ್ನಿಸಿಬಿಟ್ಟರೆ, ಆ ಕಪ್ಪಿನೊಳಗೆ ನೋಡಿದ ಹಾಗೆ ನೋಡಿ ಖಾಲಿ ಎಂದುಬಿಟ್ಟರೆ, ಆಮೇಲೆ ನನ್ನ ಹತ್ತಿರ ಯಾವ ಮದ್ದೂ ಇರಲಿಲ್ಲ.

ಬಹಳ ಹೊತ್ತು ಕೂತಿದ್ದಳು. ಏನೋ ಪಿಸುಗುಟ್ಟಿದಳು, ಕಿವಿಗೊಟ್ಟಳು, ಮತ್ತೆ ಪಿಸುಗುಟ್ಟಿದಳು. ಆಮೇಲೆ ಎದ್ದಳು. ಎಡಗೈಯನ್ನು ಸ್ವಲ್ಪ ಮೇಲಕ್ಕೆ ಎತ್ತಿದ್ದಳು, ತನಗಿಂತ ಎತ್ತರದವರ ಕೈ ಹಿಡಿದ ಹಾಗೆ. ನಾನು ಘಾಟಿನ ಕಲ್ಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡೆ. ಯಾರೋ ಯಾತ್ರಿಕರು ನನ್ನವರು ಯಾರೋ ಸತ್ತಿದ್ದಾರೆಂದು ತಿಳಿದು, ನೀರು ಬೇಕಾ ತಾಯಿ ಎಂದು ಕೇಳಿ ಹೋದರು.

ವಾಪಸ್ ಬರುವಾಗ ಗಲ್ಲಿಯಲ್ಲಿ ಅವಳು ಎಡಗಡೆಗೇ ತಿರುಗಿಕೊಂಡು ಮಾತಾಡುತ್ತ ನಡೆದಳು. ಇಷ್ಟು ದಿನದ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು. ಹಿಂದೆ ಹಿಂದೆ ಬರುತ್ತಿದ್ದ ನನಗೆ ಸ್ವಲ್ಪ ದೂರ ಏನೂ ಹೊಳೆಯಲಿಲ್ಲ, ಮಾತು ಕೇಳುತ್ತಿದೆಯೆಂಬುದೇ ಸಾಕಾಗಿತ್ತು. ಮನೆಯ ತಿರುವಿನಲ್ಲಿ ಹೊಳೆಯಿತು. ಒಂದು ಮಾತೂ ಕನ್ನಡವಲ್ಲ, ಎಲ್ಲವೂ ಹಿಂದಿ.

"ಅಕ್ಕನ ಹತ್ರ ಕನ್ನಡದಲ್ಲಿ ಮಾತಾಡು ಕಂದ" ಎಂದೆ.

"ಅವಳಿಗೆ ಮರ್ತೋಗಿದೆ" ಎಂದಳು ಮಗಳು, ಅದೇನು ದೊಡ್ಡ ವಿಷಯ ಎಂಬಂತೆ. "ಘಾಟಲ್ಲಿ ಅವಳ ಜೊತೆ ಕನ್ನಡ ಯಾರು ಮಾತಾಡ್ತಾರೆ? ಅಲ್ಲಿ ಮಕ್ಕಳೆಲ್ಲ ಹಿಂದಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಇಷ್ಟು ದಿನ ಘಾಟಿನಲ್ಲಿ ಒಬ್ಬಳೇ ಕೂತವಳು ಮತ್ತೇನು ಕಲಿಯುತ್ತಾಳೆ?

ಮನೆಯ ಬಾಗಿಲಲ್ಲಿ ಯಜಮಾನರು ಕಾಯುತ್ತಿದ್ದರು. ಮಗಳು ಹೊಸ್ತಿಲು ದಾಟಲು ಹೋದವಳು, ಕೈ ಹಿಡಿದಿದ್ದವಳು ನಿಂತದ್ದಕ್ಕೆ ತಾನೂ ನಿಂತಳು. ಎಡಕ್ಕೆ ಬಗ್ಗಿ ಕಿವಿಗೊಟ್ಟು ಕೇಳಿ, ನನ್ನ ಕಡೆ ತಿರುಗಿದಳು.

"ಒಳಗೆ ಬರೋಕೆ ಅವಳಿಗೆ ಹೆದರಿಕೆ ಅಂತೆ. ನೀನು ಯಾರು ಅಂತ ಕೇಳ್ತಿದ್ದಾಳೆ."

ನಾನು ಏನಾದರೂ ಹೇಳಲೆಂದು ಅವಳು ಕಾದಳು. ಅವಳ ಅಪ್ಪ ನನ್ನ ಮುಖ ನೋಡಿದರು. ಆ ಎತ್ತಿದ ಪುಟ್ಟ ಕೈಯ ಪಕ್ಕದಲ್ಲಿ, ಬೆಳಗಿನ ಬಿಸಿಲು ಬಿದ್ದ ಖಾಲಿ ಗಲ್ಲಿ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ನೆಟ್ಟಗೆ ಒಂದು ವಾಕ್ಯ ಬಾರದ ಹಿಂದಿಯಲ್ಲಿ, ನಾನು ಹೊಸ್ತಿಲ ಮೇಲೆ ಮಂಡಿಯೂರಿ, ನನ್ನ ದೊಡ್ಡ ಮಗಳಿಗೆ ನಾನು ಯಾರೆಂದು ಹೇಳತೊಡಗಿದೆ.